ಎಸ್ಟೇಟ್ ಕೆರೆಯ ಮೀನಿಗೆ ದಿನಕ್ಕೆ ಎಷ್ಟು ಫೀಡ್? ಸ್ಟರ್ಜನ್ ಸಾಕಣೆಯ ಪಾಠ, ಕೊಡಗಿನ ನೀರಿನ ಲೆಕ್ಕ

ಕಕ್ಕಡ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮಳೆ. ನಾಲ್ಕು ದಿನದಿಂದ ಬಿಸಿಲಿನ ಮುಖವಿಲ್ಲ. ಐದನೇ ದಿನ ಮಧ್ಯಾಹ್ನ ಮಳೆ ಒಂದು ಗಳಿಗೆ ಬಿಡುವು ಕೊಟ್ಟಿತು. ಪಾಪ, ಮೀನು ಹಸಿದಿರಬೇಕು ಅಂತ ಎರಡು ದಿನದ ಫೀಡನ್ನು ಒಟ್ಟಿಗೇ ಎರಚಿ ಬಂದೆ. ಅವೂ ಮುಗಿಬಿದ್ದು ತಿಂದವು. ಮರುದಿನ ಬೆಳಿಗ್ಗೆ ಆರಕ್ಕೆ ಕೊಡೆ ಹಿಡಿದು ಏರಿ ಮೇಲೆ ಹೋದರೆ ಕಟ್ಲಾಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತಿವೆ. ತೂಬಿನ ಹತ್ತಿರ ಹನ್ನೊಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಒಂದನ್ನು ಸೀಳಿ ನೋಡಿದೆ. ಕರುಳಿನ ತುದಿಯವರೆಗೂ ಫೀಡ್ ಇತ್ತು, ತೌಡಿನ ಚೂರು ಬೆರಳಿಗೆ ಸಿಗುವಷ್ಟು ಹಸಿಯಾಗಿ.

ಆ ಮೀನುಗಳಿಗೆ ರೋಗವೇನೂ ಇರಲಿಲ್ಲ. ನಾನು ಹಾಕಿದ ಪ್ರಮಾಣವೇ ಅವನ್ನು ಕೊಂದಿತು. ಅದಾದ ಮೇಲೆ ಅಂದಾಜಿನಲ್ಲಿ ಫೀಡ್ ಹಾಕುವುದನ್ನು ಬಿಟ್ಟು ಪುಸ್ತಕ, ತಕ್ಕಡಿ, ತರ್ಮಾಮೀಟರ್ ಇಟ್ಟುಕೊಂಡು ಹಾಕಲು ಕಲಿತೆ. ಕಾಫಿ ತೋಟದ ನಡುವೆ ಕಾಲು ಎಕರೆಯಿಂದ ಒಂದು ಎಕರೆಯವರೆಗಿನ ಕೆರೆ ಇಟ್ಟುಕೊಂಡು ಕಟ್ಲಾ, ರೋಹು, ಗೆಂಡೆ ಬಿಟ್ಟಿರುವವರಿಗಾಗಿ ಆ ಕ್ರಮವನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲು ಸ್ಟರ್ಜನ್ ವಿಷಯ

ಮೊಬೈಲಿನಲ್ಲಿ ಸ್ಟರ್ಜನ್ ಮೀನಿನ ಮೊಟ್ಟೆಯ ಖಾದ್ಯ ಕ್ಯಾವಿಯರ್‌ನ ವಿಡಿಯೊ ನೋಡಿದವರು ಕೇಳುವುದುಂಟು: "ನಮ್ಮದು ತಂಪು ಊರು, ಆ ಮೀನು ಇಲ್ಲೇ ಸಾಕಬಹುದಲ್ಲ?" ಉತ್ತರ ಚಿಕ್ಕದು. ಸ್ಟರ್ಜನ್ ನಮ್ಮ ದೇಶದ ಮೀನಲ್ಲ, ಸರ್ಕಾರದ ಅನುಮತಿ ಇಲ್ಲದೆ ಹೊರದೇಶದ ಮೀನನ್ನು ತಂದು ಬಿಡುವಂತಿಲ್ಲ. ಸ್ಟರ್ಜನ್ ಜಾತಿಗಳೆಲ್ಲವೂ 1998ರಿಂದ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ಅದಕ್ಕೆ ಹಿತವೆನಿಸುವುದು 18–20 ಡಿಗ್ರಿ ಆಸುಪಾಸಿನ ನೀರು. ನಮ್ಮ ಕೆರೆ ಮಾರ್ಚ್–ಏಪ್ರಿಲಿನಲ್ಲಿ ಅದನ್ನು ಸುಲಭವಾಗಿ ದಾಟುತ್ತದೆ. ಸೈಬೀರಿಯನ್ ಸ್ಟರ್ಜನ್ ಹೆಣ್ಣು ಸಾಕಣೆಯಲ್ಲೂ ಮೊದಲ ಮೊಟ್ಟೆಗೆ ಏಳೆಂಟು ವರ್ಷ ತೆಗೆದುಕೊಳ್ಳುತ್ತದೆ. ಕಾಳುಮೆಣಸಿನ ಬಳ್ಳಿಗೇ ಕಾಯಲಾಗದವರಿಗೆ ಅದು ಹೇಳಿದ್ದಲ್ಲ.

ಹಾಗಿದ್ದೂ ಅದರ ಹೆಸರು ಇಲ್ಲಿ ಬಂದದ್ದಕ್ಕೆ ಕಾರಣವಿದೆ. ಅಷ್ಟು ವರ್ಷ ಫೀಡ್ ಹಾಕಿ ಕಾಯಬೇಕಾದ ಮೀನಿನಲ್ಲಿ ಒಂದು ಪ್ರತಿಶತ ಹೆಚ್ಚು-ಕಡಿಮೆ ಆದರೂ ಸಾಕುವವನ ಜೇಬಿಗೆ ಪೆಟ್ಟು. ಅದಕ್ಕೇ ದಿನಕ್ಕೆ ಎಷ್ಟು ಹಾಕಿದರೆ ಎಷ್ಟು ಬೆಳೆಯುತ್ತದೆ, ಎಷ್ಟು ಜೀರ್ಣವಾಗುತ್ತದೆ ಎಂಬುದನ್ನು ಸ್ಟರ್ಜನ್‌ನಲ್ಲಿ ಬಹಳ ಶ್ರದ್ಧೆಯಿಂದ ಅಳೆದಿದ್ದಾರೆ. ಕ್ಯಾಲಿಫೋರ್ನಿಯಾದ ಬಿಳಿ ಸ್ಟರ್ಜನ್ ಎಳೆ ಮೀನುಗಳಲ್ಲಿ 20 ಡಿಗ್ರಿ ಸುತ್ತಿನ ನೀರಿನಲ್ಲಿ ಒಳ್ಳೆಯ ಫಲಿತಾಂಶ ಕೊಟ್ಟದ್ದು ದಿನಕ್ಕೆ ದೇಹತೂಕದ ಸುಮಾರು 1.5ರಿಂದ 2 ಪ್ರತಿಶತ ಫೀಡ್. ಆಗತಾನೆ ತಿನ್ನಲು ಶುರುಮಾಡಿದ ಮರಿಗೆ ಇದರ ಹಲವು ಪಟ್ಟು ಬೇಕು. ಕಿಲೋಗಟ್ಟಲೆ ತೂಗುವ ಮೀನಿಗೆ ಒಂದು ಪ್ರತಿಶತಕ್ಕಿಂತ ಕಡಿಮೆ ಸಾಕು.

ಆ ಪ್ರಯೋಗಗಳ ತಿರುಳು ನಮ್ಮ ರೋಹುವಿಗೂ ಹೊಂದುತ್ತದೆ. ಫೀಡ್ ಏರಿಸುತ್ತ ಹೋದಂತೆ ಬೆಳವಣಿಗೆ ಮೊದಲು ಚುರುಕಾಗಿ ಏರುತ್ತದೆ, ಆಮೇಲೆ ನಿಧಾನವಾಗುತ್ತದೆ, ಕೊನೆಗೆ ಎಷ್ಟು ಹಾಕಿದರೂ ಅಷ್ಟೇ. ಹಾಕಿದ ಒಂದೊಂದು ಕಿಲೋಗೆ ಅತಿ ಹೆಚ್ಚು ಮೀನು ಸಿಗುವ ಜಾಗ ಆ ಏರಿನ ತುದಿಯಲ್ಲಿಲ್ಲ, ಅದಕ್ಕಿಂತ ಸ್ವಲ್ಪ ಕೆಳಗಿದೆ. ಮೀನು ಅತಿ ಬೇಗ ಬೆಳೆಯುವ ಪ್ರಮಾಣ ಬೇರೆ, ನಿಮಗೆ ದುಡ್ಡು ಉಳಿಯುವ ಪ್ರಮಾಣ ಬೇರೆ. ಹೊಸದಾಗಿ ಕೆರೆ ಮಾಡಿದವರೆಲ್ಲ ಮೊದಲನೆಯದರ ಹಿಂದೆ ಓಡುತ್ತಾರೆ. ನಾನೂ ಓಡಿದವನೇ.

ಕರುಳು ತಿಳಿದರೆ ಕೈ ತಾನೇ ಹಿಡಿತಕ್ಕೆ ಬರುತ್ತದೆ

ಸ್ಟರ್ಜನ್‌ಗೆ ಹೊಟ್ಟೆ, ಅಂದರೆ ತಿಂದದ್ದನ್ನು ಕೂಡಿಟ್ಟುಕೊಳ್ಳುವ ಜಠರ, ಇದೆ. ಅದರ ಕೊನೆಯ ಭಾಗ ಕೋಳಿಯ ಕಲ್ಲುಹೊಟ್ಟೆಯಂತೆ ಗಟ್ಟಿ ಸ್ನಾಯುವಿನದು. ಅದರ ಕರುಳು ಗಿಡ್ಡ. ಆದರೆ ಒಳಗೆ ತಿರುಗು ಮೆಟ್ಟಿಲಿನಂತೆ ಸುತ್ತಿಕೊಂಡ ಪದರವಿದೆ, ಶಾರ್ಕ್ ಮೀನಿಗೆ ಇರುವಂಥದ್ದು. ತಿಂದದ್ದು ಆ ಸುತ್ತುಗಳಲ್ಲಿ ತಿರುಗುತ್ತ ನಿಧಾನವಾಗಿ ಸಾಗುವುದರಿಂದ ಗಿಡ್ಡ ಕರುಳೂ ಉದ್ದ ಕರುಳಿನ ಕೆಲಸ ಮಾಡುತ್ತದೆ. ಮರಿಯಾಗಿದ್ದಾಗ ಇನ್ನೂ ವಿಚಿತ್ರ. ಬಾಯಿಂದ ತಿನ್ನುವ ಮೊದಲು ಅದರ ಕರುಳಿನ ತುದಿಯಲ್ಲಿ ಒಂದು ಕಪ್ಪು ಬಿರಡೆ ಕೂತಿರುತ್ತದೆ. ಅದು ಕಳಚಿ ಹೊರಬಿದ್ದಿತೆಂದರೆ ಕರುಳು ಸಿದ್ಧವಾಯಿತೆಂದು ಲೆಕ್ಕ. ಸಾಕುವವರು ತೊಟ್ಟಿಯ ತಳದಲ್ಲಿ ಆ ಕಪ್ಪು ಚುಕ್ಕೆಗಳನ್ನು ಹುಡುಕಿ, ಕಂಡ ಮೇಲೆ ಫೀಡ್ ಶುರುಮಾಡುತ್ತಾರೆ. ತಿನ್ನಿಸುವ ದಿನವನ್ನು ಕರುಳೇ ಗೊತ್ತುಮಾಡುತ್ತದೆ.

ನಮ್ಮ ಗೆಂಡೆ ಕುಲದ ಮೀನಿಗೆ, ಅಂದರೆ ಕಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ ಇವಕ್ಕೆ ಹೊಟ್ಟೆಯೇ ಇಲ್ಲ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಸಾರಿಗೆ ಮೀನು ಕೊಯ್ಯುವಾಗ ಗಮನಿಸಿ: ಗಂಟಲಿನಿಂದ ನೇರ ಕರುಳು, ಮುಂಭಾಗ ಸ್ವಲ್ಪ ಉಬ್ಬಿದ್ದು ಬಿಟ್ಟರೆ ಚೀಲವೆಂಬುದು ಸಿಗುವುದಿಲ್ಲ. ಹುಳಿರಸ ಇಲ್ಲ, ಕೂಡಿಟ್ಟುಕೊಳ್ಳುವ ಜಾಗ ಇಲ್ಲ. ಗಂಟಲ ಹಲ್ಲಿನಲ್ಲಿ ಅರೆದು ನೇರ ಒಳಗೆ. ಅದಕ್ಕೇ ಈ ಮೀನು ದಿನವಿಡೀ ಸ್ವಲ್ಪ ಸ್ವಲ್ಪ ಮೇಯುವ ಜಾತಿ. ಒಂದೇ ಹೊತ್ತಿಗೆ ಸುರಿದರೆ ತಿನ್ನುವುದೇನೋ ತಿನ್ನುತ್ತದೆ. ಹಿಂದಿನಿಂದ ಬಂದದ್ದು ಮುಂದಿನದನ್ನು ತಳ್ಳುತ್ತದೆ, ಜೀರ್ಣರಸ ಬೆರೆಯಲು ಸಮಯವೇ ಸಿಗುವುದಿಲ್ಲ. ಪೋಷಕಾಂಶ ಅರ್ಧದಲ್ಲೇ ಹೊರಗೆ ಹೋಗುತ್ತದೆ. ನೀವು ಕೊಂಡ ಪ್ರೋಟೀನ್ ಕೆರೆಯ ಕೆಸರಿಗೆ ಗೊಬ್ಬರ.

ಹೀರಿಕೊಂಡದ್ದಾದರೂ ಎಲ್ಲ ಮಾಂಸವಾಗುತ್ತದೆಯೇ ಅಂದರೆ ಅದೂ ಇಲ್ಲ. ಹೆಚ್ಚಾದದ್ದು ಕರುಳಿನ ಸುತ್ತ ಕೊಬ್ಬಾಗಿ, ಪಿತ್ತಜನಕಾಂಗದಲ್ಲಿ ಜಿಡ್ಡಾಗಿ ಕೂರುತ್ತದೆ. ಮಾರುವಾಗ ತಕ್ಕಡಿ ತೂಗೀತು, ಮನೆಗೆ ಒಯ್ದವರು ಕೊಯ್ದು ನೋಡಿ ಬಿಸಾಡುವ ಭಾಗವದು.

ಕಡಿಮೆ ಹಾಕಿದರೂ ತೊಂದರೆ ಇದೆ, ಬೇರೆ ರೂಪದ್ದು. ಗಟ್ಟಿ ಮೀನು ನುಗ್ಗಿ ತಿನ್ನುತ್ತದೆ, ಬಡಕಲು ಹಿಂದೆ ಉಳಿಯುತ್ತದೆ. ಮೂರು ತಿಂಗಳ ನಂತರ ಬಲೆ ಎಳೆದರೆ ಒಂದೇ ದಿನ ಬಿಟ್ಟ ಮರಿಗಳಲ್ಲಿ ಒಂದು ಮುಕ್ಕಾಲು ಕಿಲೋ, ಇನ್ನೊಂದು ಕಾಲು ಕಿಲೋ. ತಲೆ ದೊಡ್ಡದು, ಬೆನ್ನು ಕತ್ತಿಯಂತೆ ಚೂಪು. ಅಂಥದ್ದು ಬಲೆಯಲ್ಲಿ ಹೆಚ್ಚಾಗಿ ಬಂದರೆ ಕೈ ಬಿಗಿಯಾಗಿತ್ತೆಂದೇ ಅರ್ಥ.

ಹಂತ 1: ಕೆರೆಯಲ್ಲಿ ಎಷ್ಟು ಕಿಲೋ ಮೀನಿದೆ?

ಇದು ಗೊತ್ತಿಲ್ಲದೆ ಪ್ರತಿಶತದ ಮಾತಿಗೆ ಬೆಲೆ ಇಲ್ಲ. ಹದಿನೈದು ದಿನಕ್ಕೊಮ್ಮೆ, ತಪ್ಪಿದರೆ ತಿಂಗಳಿಗೊಮ್ಮೆ ತೂಕ ನೋಡಬೇಕು.

ಬೆಳಿಗ್ಗೆ ತಂಪು ಹೊತ್ತಿನಲ್ಲಿ, ಅಂದಿನ ಫೀಡ್ ಹಾಕುವ ಮೊದಲು ಬೀಸುಬಲೆ ಎಸೆಯಿರಿ. ಫೀಡ್ ಹಾಕುವ ಮೂಲೆಯಲ್ಲಷ್ಟೇ ಎಸೆದರೆ ದಪ್ಪ ಮೀನೇ ಸಿಕ್ಕಿ ಲೆಕ್ಕ ಸುಳ್ಳಾಗುತ್ತದೆ, ಆದ್ದರಿಂದ ಮೂರು ನಾಲ್ಕು ಜಾಗದಲ್ಲಿ ಎಸೆಯಿರಿ. 30ರಿಂದ 50 ಮೀನು ಸಾಕು. ಬಕೆಟ್ಟಿಗೆ ಅರ್ಧ ಕೆರೆ ನೀರು ತುಂಬಿ ತೂಗಿಕೊಳ್ಳಿ, ಅದಕ್ಕೆ ಹತ್ತು ಮೀನು ಹಾಕಿ ಮತ್ತೆ ತೂಗಿ. ವ್ಯತ್ಯಾಸವೇ ಹತ್ತು ಮೀನಿನ ತೂಕ. ಒಂದೊಂದನ್ನೇ ಕೈಯಲ್ಲಿ ಹಿಡಿದು ಒರೆಸಿ ತಕ್ಕಡಿಗೆ ಹಾಕುವುದು ಬೇಡ. ಮೈಮೇಲಿನ ಲೋಳೆ ಹೋದ ಜಾಗದಲ್ಲಿ ಹುಣ್ಣಾಗುತ್ತದೆ.

ಎಣಿಕೆ ಇದಕ್ಕಿಂತ ಕಷ್ಟ. ಬಿಟ್ಟ ಮರಿ ಎಲ್ಲ ಇರುವುದಿಲ್ಲ. ನೀರುಕಾಗೆ, ಮಿಂಚುಳ್ಳಿ, ನೀರುನಾಯಿ, ಕೋಡಿ ಹರಿದ ದಿನ ಹೊರಗೆ ಹೋದವು, ಲೈನ್ ಮನೆ (ತೋಟದ ಕಾರ್ಮಿಕರ ಸಾಲುಮನೆ) ಹುಡುಗರ ಗಾಳ ಎಲ್ಲವೂ ಪಾಲು ಕೇಳುತ್ತವೆ. ಬೆರಳುದ್ದದ ಮರಿ ಬಿಟ್ಟಿದ್ದರೆ ನೂರಕ್ಕೆ 80 ಉಳಿದಿದೆ ಎಂದು ಹಿಡಿಯುವುದು ನನ್ನ ರೂಢಿ. ಇನ್ನೂ ಸಣ್ಣ ಮರಿ ಬಿಟ್ಟಿದ್ದರೆ ಇನ್ನೂ ಕಡಿಮೆ ಹಿಡಿಯಿರಿ. ಇಲ್ಲದ ಮೀನಿಗೆ ಫೀಡ್ ಹಾಕುವಂಥ ದಂಡದ ಖರ್ಚು ಬೇರೊಂದಿಲ್ಲ.

ಉದಾಹರಣೆಗೆ ಅರ್ಧ ಎಕರೆ ಕೆರೆ, ಬಿಟ್ಟದ್ದು 1200 ಮರಿ, ಉಳಿದದ್ದು 960 ಎಂದಿಟ್ಟುಕೊಳ್ಳಿ. ಸರಾಸರಿ 150 ಗ್ರಾಂ ಬಂತು. 960 × 150 ಗ್ರಾಂ ಅಂದರೆ 144 ಕಿಲೋ. ಪುಸ್ತಕದಲ್ಲಿ ಬರೆದಿಡಿ, ಮುಂದಿನದೆಲ್ಲ ಈ ಅಂಕಿಯ ಮೇಲೆ.

ಹಂತ 2: ಪ್ರತಿಶತ

ನೀರು 26–30 ಡಿಗ್ರಿ ಇದ್ದಾಗ, ಪೆಲೆಟ್ ಫೀಡ್ (ಕಾಳಿನಂತೆ ಒತ್ತಿ ಮಾಡಿದ ಸಿದ್ಧ ಫೀಡ್) ಹಾಕುವವರಿಗೆ ನಾನು ಇಟ್ಟುಕೊಂಡಿರುವ ಅಳತೆ ಇದು, ದಿನಕ್ಕೆ ದೇಹತೂಕದ ಲೆಕ್ಕದಲ್ಲಿ:

10 ಗ್ರಾಂ ಒಳಗಿನ ಮರಿ: 6–8 ಪ್ರತಿಶತ
10–50 ಗ್ರಾಂ: 4–5
50–150 ಗ್ರಾಂ: 3–4
150–300 ಗ್ರಾಂ: 2.5–3
300–600 ಗ್ರಾಂ: 2ರ ಆಸುಪಾಸು
ಅದಕ್ಕೆ ಮೇಲ್ಪಟ್ಟದ್ದು: 1–1.5

ಮೇಲಿನ ಉದಾಹರಣೆಯ 144 ಕಿಲೋಗೆ 3 ಪ್ರತಿಶತ ಅಂದರೆ ದಿನಕ್ಕೆ 4.3 ಕಿಲೋ. ಅದೇ ಮೀನು 400 ಗ್ರಾಂ ಆದಾಗ ಒಟ್ಟು 384 ಕಿಲೋ, 2 ಪ್ರತಿಶತದಂತೆ 7.7 ಕಿಲೋ. ಪ್ರತಿಶತ ಇಳಿದರೂ ಬುಟ್ಟಿಯ ತೂಕ ಏರುತ್ತದೆ. ಇಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ಕೆಲವರು ಮರಿ ಬಿಟ್ಟ ದಿನದ ಪ್ರತಿಶತವನ್ನೇ ಕೊನೆವರೆಗೂ ಹಿಡಿಯುತ್ತಾರೆ. ಇನ್ನು ಕೆಲವರು ಮೊದಲ ತಿಂಗಳ ಕಿಲೋವನ್ನೇ ಕೊನೆವರೆಗೂ ಹಾಕುತ್ತಾರೆ. ಮೊದಲನೆಯವರ ಕೆರೆ ಕೊಳೆಯುತ್ತದೆ, ಎರಡನೆಯವರ ಮೀನು ಬೆಳೆಯುವುದಿಲ್ಲ.

ಮೇಲಿನ ಪಟ್ಟಿ ತುದಿ ಮುಟ್ಟುವ ಅಳತೆ ಎಂದು ತಿಳಿದು, ಅದರ ಹತ್ತರಲ್ಲಿ ಎಂಟು-ಒಂಬತ್ತು ಭಾಗ ಹಾಕಿ. ಕೆರೆಯಲ್ಲಿ ಹಸಿರು ಬಣ್ಣ ಚೆನ್ನಾಗಿದ್ದರೆ, ಅಂದರೆ ಮೊಣಕೈವರೆಗೆ ತೋಳು ಮುಳುಗಿಸಿದಾಗ ಅಂಗೈ ಕಾಣದಂತಿದ್ದರೆ, ಕಟ್ಲಾಗೆ ಬೇಕಾದ್ದರಲ್ಲಿ ಬಹುಪಾಲು ನೀರೇ ಕೊಡುತ್ತಿದೆ. ಹುಲ್ಲುಗೆಂಡೆಗೆ ತೋಟದ ಅಂಚಿನ ಹುಲ್ಲು ಕೊಯ್ದು ಹಾಕಿದರೆ ಪೆಲೆಟ್ ಕಡೆಗೆ ಬರುವುದು ಕಡಿಮೆ. ಕಳೆನಾಶಕ ಹೊಡೆದ ಹುಲ್ಲು ಮಾತ್ರ ಬೇಡ.

ಪೆಲೆಟ್ ಬದಲು ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡು ಸಮಸಮ ಹಾಕುವವರೂ ಇದ್ದಾರೆ. ಅಗ್ಗ, ಆದರೆ ನೀರಿನಲ್ಲಿ ಕದಡಿ ಹೋಗುವುದು ಜಾಸ್ತಿ. ಪೆಲೆಟ್‌ನಲ್ಲಿ ಒಂದೂವರೆ ಕಿಲೋ ಆಸುಪಾಸಿಗೆ ಬರುವ ಒಂದು ಕಿಲೋ ಮೀನಿಗೆ ಇದರಲ್ಲಿ ಎರಡೂವರೆ, ಮೂರು ಕಿಲೋ ಹೋಗುತ್ತದೆ. ರಾತ್ರಿ ನೆನೆಸಿ, ಉಂಡೆ ಕಟ್ಟಿ, ತಟ್ಟೆಯಲ್ಲಿ ಇಳಿಸಿ. ಆಂಧ್ರದ ಮೀನು ಕೆರೆಗಳಲ್ಲಿ ತೂತು ಮಾಡಿದ ಚೀಲಕ್ಕೆ ತೌಡು-ಹಿಂಡಿ ತುಂಬಿ ಗಳಕ್ಕೆ ಕಟ್ಟುತ್ತಾರೆ, ಮೀನು ಬಂದು ತೂತಿಗೆ ಬಾಯಿ ಇಟ್ಟು ಎಳೆದುಕೊಳ್ಳುತ್ತದೆ. ಹೊಟ್ಟೆಯಿಲ್ಲದ ಮೀನಿಗೆ ಅದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ನಮ್ಮಲ್ಲಿ ಬಿದಿರಿಗೇನು ಬರ?

ಹಂತ 3: ನೀರು ಎಷ್ಟಕ್ಕೆ ಒಪ್ಪುತ್ತದೆ?

ಫೀಡ್ ಚೀಲದ ಮೇಲಿನ ಪಟ್ಟಿಯಲ್ಲಿ ಇದು ಇರುವುದಿಲ್ಲ. ಮೀನಿನ ಕರುಳಿಗೊಂದು ಮಿತಿ ಇದ್ದಂತೆ ಕೆರೆಗೂ ಒಂದು ಮಿತಿ ಇದೆ. ಗಾಳಿಯಂತ್ರ (ನೀರಿಗೆ ಗಾಳಿ ಬೆರೆಸುವ ಏರೇಟರ್) ಇಲ್ಲದ ಕೆರೆ ಹೆಕ್ಟೇರಿಗೆ ದಿನಕ್ಕೆ 30–40 ಕಿಲೋ ಫೀಡಿಗಿಂತ ಹೆಚ್ಚನ್ನು ತಡೆದುಕೊಳ್ಳುವುದು ಕಷ್ಟ. ಅರ್ಧ ಎಕರೆ ಅಂದರೆ ಹೆಕ್ಟೇರಿನ ಐದನೇ ಒಂದು ಪಾಲು, ಹಾಗಾಗಿ ಮಿತಿ 6–8 ಕಿಲೋ.

ಈಗ ಮೇಲಿನ ಲೆಕ್ಕ ಮತ್ತೆ ನೋಡಿ. 400 ಗ್ರಾಂ ಆಗುವಾಗಲೇ 7.7 ಕಿಲೋ ಬಂತು. 700 ಗ್ರಾಂ ಆದರೆ 672 ಕಿಲೋ ಮೀನು, 1.5 ಪ್ರತಿಶತದಂತೆ 10 ಕಿಲೋ. ಕರುಳು ಒಪ್ಪಿದರೂ ಕೆರೆ ಒಪ್ಪದು. ಆಗ ಉಳಿದಿರುವುದು ಎರಡೇ ದಾರಿ: ಗಾಳಿಯಂತ್ರ ಇಡಿ, ಇಲ್ಲವೇ ದೊಡ್ಡ ಮೀನನ್ನು ಹಿಡಿದು ಮಾರಿ ಭಾರ ಇಳಿಸಿ. ನನ್ನ ಒಲವು ಎರಡನೆಯದರ ಕಡೆ. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಯಂತ್ರ ನಂಬಿದವನ ಗತಿ ಏನು?

ನೀರಿಗೆ ಭಾರವಾಗುವುದು ಹೇಗೆಂದರೆ, 28 ಪ್ರತಿಶತ ಪ್ರೋಟೀನಿನ ಒಂದು ಕಿಲೋ ಫೀಡಿನಲ್ಲಿ ಸುಮಾರು 45 ಗ್ರಾಂ ಸಾರಜನಕ ಇರುತ್ತದೆ. ಮೀನು ಮೈಗೆ ಹಚ್ಚಿಕೊಳ್ಳುವುದು ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗ. ಉಳಿದ 30 ಗ್ರಾಂ ಮತ್ತು ಅದಕ್ಕೂ ಹೆಚ್ಚು ಅಮೋನಿಯಾ ಆಗಿ, ಹಿಕ್ಕೆಯಾಗಿ ನೀರಿಗೆ ಸೇರುತ್ತದೆ. ಜೊತೆಗೆ ಜೀರ್ಣಿಸುವ ಕೆಲಸವೇ ಆಮ್ಲಜನಕ ಬೇಡುತ್ತದೆ. ಉಂಡ ಮೇಲೆ ಕೆಲವು ಗಂಟೆ ಮೀನಿನ ಉಸಿರಾಟ ಜೋರಾಗಿರುತ್ತದೆ. ಹಗಲಿನಲ್ಲಿ ಪಾಚಿ ಬಿಸಿಲಿಗೆ ಆಮ್ಲಜನಕ ಕೊಡುತ್ತದೆ, ರಾತ್ರಿ ಪಾಚಿಯೂ ಪಾಲುದಾರ. ಮೋಡದ ದಿನ ಸಂಜೆ ಹೊಟ್ಟೆ ಬಿರಿಯ ತಿನ್ನಿಸಿದರೆ ಬೆಳಗಿನ ಜಾವ ನನ್ನ ಕೆರೆಯಲ್ಲಿ ಆದದ್ದೇ ಆಗುತ್ತದೆ. ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಇದ್ದರೆ ನೆಮ್ಮದಿ, 3ಕ್ಕೆ ಇಳಿದರೆ ಫೀಡ್ ಮುಟ್ಟಬೇಡಿ. ಮೀಟರ್ ಇಲ್ಲದವರಿಗೆ ಬೆಳಿಗ್ಗೆ ಆರು ಗಂಟೆಯ ಕಟ್ಲಾವೇ ಮೀಟರ್.

ಹಂತ 4: ಹೊತ್ತು ಮತ್ತು ಜಾಗ

ದಿನದ್ದನ್ನು ಎರಡು ಪಾಲು ಮಾಡಿ, ಮರಿಗಳಿದ್ದರೆ ಮೂರು-ನಾಲ್ಕು. ಮೊದಲನೆಯದು ಬೆಳಿಗ್ಗೆ ಒಂಬತ್ತು-ಹತ್ತಕ್ಕೆ, ಮಂಜು ಕರಗಿ ಬಿಸಿಲು ನೀರಿಗೆ ಬಿದ್ದ ಮೇಲೆ. ಎರಡನೆಯದು ಮೂರೂವರೆ ಒಳಗೆ. ತೋಟದ ಆಳುಗಳಿಗೆ ಹೇಳಿದರೆ ಬೆಳಿಗ್ಗೆ ಏಳಕ್ಕೇ, ಕೆಲಸಕ್ಕೆ ಇಳಿಯುವ ಮೊದಲು ಸುರಿದು ಹೋಗುತ್ತಾರೆ. ಅವರಿಗೆ ಅನುಕೂಲ, ಮೀನಿಗೆ ಅಲ್ಲ.

ತೇಲುವ ಪೆಲೆಟ್ ಆದರೆ ದಿನವೂ ಅದೇ ಜಾಗ, ಅದೇ ಹೊತ್ತು. ಆ ಹೊತ್ತಿನ ಪಾಲನ್ನು ಮೂರು ಕಂತಾಗಿ ಹಾಕಿ. ಮೊದಲ ಕಂತಿಗೆ ನೀರು ಕುದಿದಂತೆ ಆಗಬೇಕು. ಎರಡನೆಯದು ಮುಗಿಯುವುದನ್ನು ನೋಡಿ ಮೂರನೆಯದು. ಹದಿನೈದು-ಇಪ್ಪತ್ತು ನಿಮಿಷದ ಮೇಲೂ ಕಾಳು ತೇಲುತ್ತಿದ್ದರೆ ನಾಳೆಗೆ ಕಡಿಮೆ ಮಾಡಿ. ಮುಳುಗುವ ಫೀಡ್ ಆದರೆ ಬಿದಿರಿನ ಚೌಕಟ್ಟಿಗೆ ಸೊಳ್ಳೆಪರದೆ ಬಿಗಿದ ತಟ್ಟೆ ಎರಡು-ಮೂರು ಕಡೆ ಇಳಿಸಿ, ಎರಡು ಗಂಟೆಯ ನಂತರ ಎತ್ತಿ ನೋಡಿ. ಸ್ಟರ್ಜನ್ ಸಾಕುವವರಿಗೂ ಇದೇ ಫಜೀತಿ. ಅದು ತಳದಲ್ಲಿ ಮೀಸೆಯಿಂದ ತಡಕಿ ಹುಡುಕಿ ತಿನ್ನುವ ಮೀನು, ಅವಸರವೇ ಇಲ್ಲ, ಫೀಡ್ ನೀರಿನಲ್ಲಿ ಕರಗದೆ ಕಾಯಬೇಕು.

ಮಾತಿಗೆ ಬಂತೆಂದು ಹೇಳುತ್ತೇನೆ: ಒಂದು ರಾತ್ರಿ ಆನೆ ಹಿಂಡು ಕೆರೆಗಿಳಿದು ಹೋದರೆ ಮರುದಿನ ನೀರು ಚಹಾ ಬಣ್ಣವಾಗಿರುತ್ತದೆ, ಮೀನು ಮೂಲೆ ಹಿಡಿದಿರುತ್ತದೆ. ಅಂದು ಹಾಕಿದ್ದೆಲ್ಲ ತಳಕ್ಕೆ. ಕೆಸರು ಕೂರುವವರೆಗೆ ಚೀಲ ಬಿಚ್ಚಬೇಡಿ.

ಹಂತ 5: ತಪ್ಪಿದ್ದು ಎಲ್ಲಿ ಎಂದು ಲೆಕ್ಕ ಹೇಳುತ್ತದೆ

ಎರಡು ತೂಕದ ನಡುವೆ ಎಷ್ಟು ಫೀಡ್ ಹೋಯಿತು, ಎಷ್ಟು ಮೀನು ಬಂತು? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಿಗುವುದೇ ಎಲ್ಲರೂ ಹೇಳುವ ಎಫ್‌ಸಿಆರ್, ಅಂದರೆ ಒಂದು ಕಿಲೋ ಮೀನು ಏರಲು ಹೋದ ಫೀಡ್.

ನಮ್ಮ ಉದಾಹರಣೆಯ 144 ಕಿಲೋ ಮೀನು ತಿಂಗಳಲ್ಲಿ ಸರಾಸರಿ 240 ಗ್ರಾಂ ಆಯಿತೆನ್ನಿ. ಒಟ್ಟು 230 ಕಿಲೋ, ಏರಿದ್ದು 86. ಫೀಡ್ 150 ಕಿಲೋ ಹೋಗಿದ್ದರೆ ಎಫ್‌ಸಿಆರ್ 1.74. ಪಕ್ಕದ ತೋಟದವರು ಅಂಥದ್ದೇ ಕೆರೆಗೆ 200 ಕಿಲೋ ಸುರಿದರು, ಅವರ ಮೀನು 250 ಗ್ರಾಂ. ಏರಿದ್ದು 96 ಕಿಲೋ, ಎಫ್‌ಸಿಆರ್ 2.08. "ನನ್ನ ಮೀನು ನಿನ್ನದಕ್ಕಿಂತ ದಪ್ಪ" ಅಂತ ಅವರು ಹೇಳಬಹುದು, ಸುಳ್ಳೂ ಅಲ್ಲ. ಆದರೆ ಹೆಚ್ಚುವರಿ 50 ಕಿಲೋ ಫೀಡಿಗೆ ಅವರಿಗೆ ದಕ್ಕಿದ್ದು ಹತ್ತು ಕಿಲೋಗೂ ಕಡಿಮೆ ಮೀನು. ಆ ಹತ್ತು ಕಿಲೋ ಮಟ್ಟಿಗೆ ಎಫ್‌ಸಿಆರ್ ಐದು ದಾಟಿತು. ಫೀಡಿನ ದರವನ್ನು ಐದರಿಂದ ಗುಣಿಸಿ ಮೀನಿನ ದರದ ಪಕ್ಕದಲ್ಲಿಟ್ಟು ನೋಡಿ. ಈ ಅಂಕಿ ಲೆಕ್ಕ ತೋರಿಸಲು ನಾನು ಹಾಕಿಕೊಂಡದ್ದು, ಆದರೆ ಕೆರೆಯಲ್ಲಿ ನಡೆಯುವುದು ಇದೇ ರೀತಿ.

ಲೆಕ್ಕದ ಜೊತೆ ಕಣ್ಣೂ ಇರಲಿ. ತೂಕ ನೋಡುವ ದಿನ ಒಂದು ಮೀನನ್ನು ಸಾರಿಗೆ ಇಟ್ಟುಕೊಂಡು ಕೊಯ್ದು ನೋಡಿ. ಕರುಳಿನ ಹಿಂಭಾಗದಲ್ಲಿ ಫೀಡಿನ ಚೂರು ಗುರುತು ಸಿಗುವಷ್ಟು ಇದ್ದರೆ ಹೆಚ್ಚಾಗಿದೆ. ಪಿತ್ತಜನಕಾಂಗ ಕಂದು ಕೆಂಪಿನ ಬದಲು ಬಿಳಿಚಿ ಹಳದಿಗೆ ತಿರುಗಿ ಜಿಡ್ಡಾಗಿದ್ದರೆ ತುಂಬ ದಿನದಿಂದ ಹೆಚ್ಚಾಗಿದೆ, ಇಲ್ಲವೇ ಫೀಡ್ ಹಳಸಿದೆ. ಹಿಕ್ಕೆ ಬಿಳಿ ದಾರದಂತೆ ಜೋತಾಡುತ್ತಿದ್ದರೆ ಕರುಳು ಖಾಲಿ, ಬರೀ ಲೋಳೆ. ತಿನ್ನುತ್ತಿಲ್ಲವೋ ಸಿಗುತ್ತಿಲ್ಲವೋ ಹುಡುಕಿ.

ವಾರಕ್ಕೊಂದು ದಿನ ಫೀಡ್ ರಜೆ ಕೊಟ್ಟರೆ ಮೀನು ಸೊರಗುವುದಿಲ್ಲ. ಕೆಲವು ದಿನ ಹಸಿದ ಮೀನು ಮತ್ತೆ ಸಿಕ್ಕಾಗ ಚುರುಕಾಗಿ ಬೆಳೆದು ಹಿಂದೆ ಬಿದ್ದದ್ದರಲ್ಲಿ ಬಹಳಷ್ಟನ್ನು ತುಂಬಿಕೊಳ್ಳುತ್ತದೆ. ಸ್ಟರ್ಜನ್‌ನಲ್ಲೂ ಇದನ್ನು ಕಂಡಿದ್ದಾರೆ. ಆದರೆ ಹಸಿದ ಮರುದಿನ ಮಾಮೂಲಿ ಪ್ರಮಾಣವೇ, ದುಪ್ಪಟ್ಟು ಬೇಡ. ಆ ದುಪ್ಪಟ್ಟಿನ ಬೆಲೆ ನನಗೆ ಹನ್ನೊಂದು ಮೀನು.

ಹಂತ 6: ಕೊಡಗಿನ ಪಂಚಾಂಗಕ್ಕೆ ಹೊಂದಿಸುವುದು

ಮೀನಿನ ಮೈಗೆ ತನ್ನದೇ ಬಿಸಿ ಇಲ್ಲ. ನೀರು ಹತ್ತು ಡಿಗ್ರಿ ಇಳಿದರೆ ಒಳಗಿನ ಕೆಲಸ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ನಾನು ಅನುಸರಿಸುವ ಕಡಿತ: 22–25 ಡಿಗ್ರಿಯಲ್ಲಿ ಮುಕ್ಕಾಲು, 18–22ರಲ್ಲಿ ಅರ್ಧ, ಅದಕ್ಕೂ ಕೆಳಗೆ ಹೆಸರಿಗೊಂದು ಹಿಡಿ ಅಥವಾ ಅದೂ ಇಲ್ಲ. ಅಳೆಯುವುದು ಮೊಣಕಾಲಾಳದಲ್ಲಿ, ಬೆಳಿಗ್ಗೆ ಒಂಬತ್ತಕ್ಕೆ.

ಜೂನ್‌ನಿಂದ ಆಗಸ್ಟ್ ನಡುವಿನವರೆಗೆ, ಅದರಲ್ಲೂ ಕಕ್ಕಡದಲ್ಲಿ, ಬಿಸಿಲು ಕಾಣದ ದಿನ ಫೀಡ್ ಇಲ್ಲ ಎಂಬ ನೇಮ ಇಟ್ಟುಕೊಂಡಿದ್ದೇನೆ. ಬಿಸಿಲು ಬಂದರೂ ಮೊದಲ ದಿನ ಅರ್ಧ. ಕಕ್ಕಡ ಹದಿನೆಂಟಕ್ಕೆ ನಾವು ಮದ್ದುಸೊಪ್ಪಿನ ಪಾಯಸ ಉಣ್ಣುವಾಗ ಮೀನಿಗೆ ಉಪವಾಸ. ಬಿತ್ತನೆ ಮರಿ ಸಿಗುವುದೂ ಇದೇ ಹೊತ್ತಿಗೆ. ಜೋರು ಮಳೆ ಕಳೆದು ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೋಳ್ದ್ ಹಬ್ಬದ ಸುಮಾರಿಗೆ ಬಿಟ್ಟರೆ ಕೋಡಿಯಲ್ಲಿ ಹೋಗುವುದೂ ಕಡಿಮೆ, ಮೊದಲ ದಿನದಿಂದಲೇ ತಿನ್ನುತ್ತವೆ.

ಮಳೆಗೆ ಮುಂಚೆ ಮತ್ತು ಮಳೆ ಬಿಡುವಿನಲ್ಲಿ ಕಾಫಿಗೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆಯುತ್ತೇವೆ. ಅದರ ಮೈಲುತುತ್ತ ಮೀನಿಗೆ ವಿಷ. ನಮ್ಮಂಥ ಸುಣ್ಣ ಕಡಿಮೆ ಇರುವ ಮೆದು ನೀರಿನಲ್ಲಿ ಇನ್ನೂ ಹೆಚ್ಚು. ಡ್ರಮ್ಮು ತೊಳೆದ ನೀರು ಕೆರೆಗೆ ಬರದಂತೆ ಚರಂಡಿ ತಿರುಗಿಸಿ. ಹೊಡೆದ ಮೇಲೆ ಮೊದಲ ಮಳೆಯ ನೀರು ಇಳಿದು ಬಂದು ಮೀನು ಮಂಕಾಗಿದ್ದರೆ ಫೀಡ್ ನಿಲ್ಲಿಸಿ. ಕೆರೆಯ ಪಿಹೆಚ್ ನೋಡಿ ಕೃಷಿ ಸುಣ್ಣ ಹಾಕುವುದು ಫೀಡಿಗೂ ಸಂಬಂಧಿಸಿದ್ದೇ. ಹುಳಿ ನೀರಿನಲ್ಲಿ ಪಾಚಿ ಕಟ್ಟುವುದಿಲ್ಲ, ಮೀನಿನ ಪೂರಾ ಭಾರ ಚೀಲದ ಮೇಲೆ ಬೀಳುತ್ತದೆ.

ಅಕ್ಟೋಬರ್ ನಡುವಿನ ತುಲಾ ಸಂಕ್ರಮಣದಿಂದ ನಮ್ಮ ಸುಗ್ಗಿ ಹಬ್ಬ ಪುತ್ತರಿವರೆಗೆ ಒಳ್ಳೆಯ ಕಾಲ. ಬಿಸಿಲಿದೆ, ನೀರು ತುಂಬಿದೆ. ಪೂರಾ ಪ್ರಮಾಣ ಹಾಕುವುದಿದ್ದರೆ ಈಗ. ಡಿಸೆಂಬರ್–ಜನವರಿಯ ಚಳಿಗೆ ಅರ್ಧಕ್ಕಿಳಿಸಿ. ಆಗಲೇ ಕಾಫಿ ಹಣ್ಣು ಕೊಯ್ಲು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್. ಪಲ್ಪರ್ ನೀರು ಒಂದು ಬೋಗುಣಿಯಷ್ಟೂ ಕೆರೆಗೆ ಸೇರಬಾರದು. ಅದರ ಸಿಹಿ ಲೋಳೆ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ.

ಫೆಬ್ರುವರಿ–ಮಾರ್ಚಿನಲ್ಲಿ ನೀರು ಬೆಚ್ಚಗಾಗುತ್ತದೆ, ಮೀನು ಹಸಿವು ತೋರಿಸುತ್ತದೆ, ಕೈ ಸಡಿಲವಾಗುತ್ತದೆ. ಅದೇ ಹೊತ್ತಿಗೆ ಕಾಫಿ ಹೂವಿಗೆಂದು ಸ್ಪ್ರಿಂಕ್ಲರ್ ಓಡಿ ಕೆರೆ ಅರ್ಧಕ್ಕಿಳಿಯುತ್ತದೆ. ಅರ್ಧ ಎಕರೆ ಕೆರೆ ಈಗ ಕಾಲು ಎಕರೆ. ಹಂತ 3ರ ಮಿತಿಯೂ ಅರ್ಧವಾಯಿತು, 3–4 ಕಿಲೋ. ಮೀನು ಮಾತ್ರ ಅಷ್ಟೇ ಇದೆ. ಎಸ್ಟೇಟ್ ಕೆರೆಗಳಲ್ಲಿ ಬೇಸಿಗೆ ಸಾವು ಹೆಚ್ಚಾಗಿ ಕಾಣುವುದು ಇಲ್ಲೇ. ಪಂಪ್ ಶುರುಮಾಡುವ ಮೊದಲೇ ದೊಡ್ಡ ಮೀನು ಹಿಡಿದುಬಿಡಿ.

ಚೀಲ ಇಡುವ ಜಾಗ

ನಮ್ಮ ಮಳೆಗಾಲದ ತೇವಕ್ಕೆ ಫೀಡ್ ಹದಿನೈದು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಕಡಲೆಕಾಯಿ ಹಿಂಡಿ ಇನ್ನೂ ಬೇಗ. ಆ ಬೂಷ್ಟಿನ ವಿಷ ಪಿತ್ತಜನಕಾಂಗಕ್ಕೆ ಹೊಡೆಯುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ ಇಡಿ. ತಿಂಗಳಿಗಾಗುವಷ್ಟೇ ತನ್ನಿ, ಮಳೆಗಾಲದಲ್ಲಿ ಅದರ ಅರ್ಧ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ಅಂತ ಅಲ್ಲಿಟ್ಟವರಿದ್ದಾರೆ. ಬೂಷ್ಟೇನೋ ಬರುವುದಿಲ್ಲ, ಆದರೆ ಬಿಸಿಗೆ ಸಿ ಜೀವಸತ್ವ ಹಾಳಾಗುತ್ತದೆ, ಎಣ್ಣೆ ಕಮಟು ಹಿಡಿಯುತ್ತದೆ. ಕಾಳನ್ನು ಮೂಗಿಗೆ ಹಿಡಿದು ನೋಡಿ. ನಿಮಗೆ ಮುಖ ಸಿಂಡರಿಸಬೇಕೆನಿಸಿದರೆ ಮೀನಿಗೂ ಹಾಕಬೇಡಿ, ತೆಂಗಿನ ಬುಡಕ್ಕೆ ಹಾಕಿ.

ಹಿಡಿಯುವ ದಿನ

ಬಲೆ ಎಳೆಯುವ ಹಿಂದಿನ ದಿನ, ಕನಿಷ್ಠ 24 ಗಂಟೆ, ಏನೂ ಹಾಕಬೇಡಿ. ಕರುಳು ಖಾಲಿಯಾದ ಮೀನು ಸಾಗಿಸುವಾಗ ನೀರು ಕೆಡಿಸುವುದಿಲ್ಲ, ಸತ್ತ ಮೇಲೂ ಬೇಗ ಹಳಸುವುದಿಲ್ಲ. ವ್ಯಾಪಾರಿ ಬರುವ ದಿನ ಬೆಳಿಗ್ಗೆ ತೂಕ ಹೆಚ್ಚಲಿ ಅಂತ ಫೀಡ್ ಹಾಕುವ ಜಾಣರಿದ್ದಾರೆ. ಒಮ್ಮೆ ಮೋಸಹೋದ ವ್ಯಾಪಾರಿ ಮುಂದಿನ ಸಲ ಹೊಟ್ಟೆ ಒತ್ತಿ ನೋಡಿ ದರ ಹೇಳುತ್ತಾನೆ.

ಹಿಡಿದ ಮೀನನ್ನು ಜಾತಿವಾರು ತೂಗಿ, ಎಣಿಸಿ ಬರೆದುಕೊಳ್ಳಿ. 960 ಎಂದು ಹಿಡಿದದ್ದು ನಿಜಕ್ಕೂ 960 ಇತ್ತೇ ಎಂದು ಗೊತ್ತಾಗುವುದು ಆ ದಿನವೇ. ನನಗೆ ಮೊದಲ ವರ್ಷ ಸಿಕ್ಕಿದ್ದು 700 ಚಿಲ್ಲರೆ.